ಬಿಸಿಲಿದ್ದಾಗಲೇ ಮೋಟಾರ್ ಹಾಕಿ

ಕೋಲಾರದ ನಮ್ಮ ಮನೆ ತಾರಸಿ ಮೇಲೆ ಸೋಲಾರ್ ಹಾಕಿಸಿ ಆರು ವರ್ಷವಾಯಿತು. ಬ್ಯಾಟರಿ ಇರುವಂಥದ್ದು. ಹೊಸದಾಗಿ ಹಾಕಿಸಿದವರು ಬಂದು ಕೇಳುತ್ತಾರೆ, "ಅಮ್ಮಾ, ಏಳು ಗಂಟೆಗೇ ಬ್ಯಾಟರಿ ಇಳಿದುಹೋಗುತ್ತೆ, ಯಾಕೆ?" ನಾನು ಮೊದಲು ಕೇಳುವುದು, ನೀರಿನ ಮೋಟಾರ್ ಯಾವಾಗ ಹಾಕ್ತೀರಿ ಅಂತ.

ಒಂದು ಕಿಲೋವಾಟ್ ಪ್ಯಾನೆಲ್ ನಮ್ಮ ಕಡೆ ಒಳ್ಳೆ ಬಿಸಿಲಿದ್ದರೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅದರಲ್ಲಿ ಜಾಸ್ತಿ ಪಾಲು ಬರುವುದು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರೊಳಗೆ. ಸಂಪಿನ ನೀರು ಏರಿಸುವುದು, ದೋಸೆಗೆ ರುಬ್ಬುವುದು, ಬಟ್ಟೆ ಒಗೆಯುವುದು, ಇಸ್ತ್ರಿ ಎಲ್ಲ ಆ ಹೊತ್ತಿನಲ್ಲಿ ಆಗಲಿ. ಒಟ್ಟಿಗೆ ಬೇಡ, ಒಂದಾದ ಮೇಲೆ ಒಂದು. ಆಗ ಪ್ಯಾನೆಲ್ ಕರೆಂಟಿನಲ್ಲೇ ನೇರವಾಗಿ ಕೆಲಸ ಆಗುತ್ತದೆ, ಬ್ಯಾಟರಿ ರಾತ್ರಿಗೆ ಉಳಿಯುತ್ತದೆ. ಬ್ಯಾಟರಿಗೆ ಹೋಗಿ ವಾಪಸ್ ಬರುವ ಕರೆಂಟು ದಾರಿಯಲ್ಲೇ ಸ್ವಲ್ಪ ಸೋರುತ್ತದೆ, ಬ್ಯಾಟರಿಯೂ ಸವೆಯುತ್ತದೆ. ನೆಟ್ ಮೀಟರ್ ಇರುವವರಿಗೆ ಈ ಚಿಂತೆ ಕಡಿಮೆ. ಮಿಕ್ಕ ಯೂನಿಟ್ ಲೈನಿಗೆ ಹೋಗಿ ಬಿಲ್ಲಿನಲ್ಲಿ ವಜಾ ಆಗುತ್ತದೆ. ಆದರೆ ಬ್ಯಾಟರಿ ಇಲ್ಲದಿದ್ದರೆ ಕರೆಂಟ್ ಹೋದಾಗ ಆ ಸೋಲಾರೂ ನಿಲ್ಲುತ್ತದೆ. ನಮ್ಮ ಸೋಲಾರ್ ಕರೆಂಟು ಲೈನಿಗೆ ಹೋಗಿ, ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ವಾ?

ಇನ್ನು ತೊಳೆಯುವ ವಿಷಯ. ಮೊದಲ ಬೇಸಿಗೆಯಲ್ಲಿ ಧೂಳು ನೋಡಿ, ಮಟಮಟ ಮಧ್ಯಾಹ್ನ ಬೋರ್ ನೀರಿನ ಪೈಪ್ ಹಿಡಿದುಬಿಟ್ಟೆ. ಎರಡು ನಿಮಿಷದಲ್ಲಿ ಒಣಗಿ ಗಾಜಿನ ತುಂಬ ಬಿಳಿ ಚುಕ್ಕೆ. ಬಟ್ಟೆಯಲ್ಲಿ ಎಷ್ಟು ಉಜ್ಜಿದರೂ ಹೋಗಲಿಲ್ಲ. ನಮ್ಮ ಬೋರ್ ನೀರು ಗಡಸು, ನೀರು ಕಾಯಿಸುವ ಪಾತ್ರೆಯ ತಳ ನೋಡಿದರೇ ಗೊತ್ತಾಗುತ್ತದೆ. ಆಮೇಲೆ ವಿನಿಗರ್‌ಗೆ ನೀರು ಬೆರೆಸಿ, ಮೆತ್ತನೆ ಬಟ್ಟೆ ಅದ್ದಿ, ಒಂದೊಂದೇ ಜಾಗ ಒರೆಸಿ ತೆಗೆದೆ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಭಯವೂ ಇದೆ. ಈಗ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟುಕೊಂಡು, ಬಿಸಿಲೇರುವ ಮುಂಚೆ ಒರೆಸುತ್ತೇನೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ. ಸೋಪಿನ ಪುಡಿ, ತಂತಿ ಬ್ರಷ್ ಬೇಡವೇ ಬೇಡ. ನಿಮ್ಮದು ನೀರು ತುಂಬಿಸುವ ಬ್ಯಾಟರಿಯಾದರೆ ಇದೇ ಮಳೆನೀರನ್ನು ಅದಕ್ಕೆ ಮಾತ್ರ ಹಾಕಬೇಡಿ, ಡಿಸ್ಟಿಲ್ಡ್ ವಾಟರೇ ಬೇಕು.

ನೆರಳನ್ನೂ ಗಮನಿಸಿ. ಪ್ಯಾನೆಲ್‌ಗಳು ಸಾಲಾಗಿ ಸೇರಿಕೊಂಡಿರುತ್ತವೆ. ಒಂದರ ಮೇಲೆ ನುಗ್ಗೆ ರೆಂಬೆಯ ನೆರಳು ಬಿದ್ದರೂ ಇಡೀ ಸಾಲು ಮಂಕಾಗಬಹುದು. ಬೇಸಿಗೆಯಲ್ಲಿ ನೋಡಿ ಸುಮ್ನೆ ಆಗಬೇಡಿ. ಸಂಕ್ರಾಂತಿ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣದ ಮೂಲೆಯ ಟ್ಯಾಂಕಿನ ನೆರಳು ಆಗ ಉದ್ದಕ್ಕೆ ಚಾಚುತ್ತದೆ. ಆ ತಿಂಗಳು ಬೆಳಿಗ್ಗೆ ಒಂಬತ್ತಕ್ಕೆ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ ತಾರಸಿ ಹತ್ತಿ ನೋಡಿ.