ಲೇಜಿ ಅಂತ ಬರೆದು ಕೆಟ್ಟೆ

ತೀರ್ಥಹಳ್ಳಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಆದರೆ ಮೊದಲು ಎಡವಿದವನು ನಾನೇ, ಅದೂ ರಜಾ ಅರ್ಜಿಯಲ್ಲಿ. ಜ್ವರ ಬಿಟ್ಟು ವಾರವಾದರೂ ಮೈಯಲ್ಲಿ ತ್ರಾಣ ಇರಲಿಲ್ಲ. ‘ಐ ಆಮ್ ಫೀಲಿಂಗ್ ಲೇಜಿ’ ಅಂತ ಬರೆದು ಎರಡು ದಿನ ರಜೆ ಕೇಳಿದೆ. ಮೇಲಿನವರು ಅದನ್ನು ಎಲ್ಲರ ಮುಂದೆ ಓದಿದರು. ರಜೆಯೂ ಸಿಗಲಿಲ್ಲ.

‘ವೀಕ್’ ಅಂದಿದ್ದರೆ ಸಾಕಿತ್ತು. ಸ್ವಲ್ಪ ಠೀವಿ ಬೇಕಿದ್ದರೆ ‘ಲ್ಯಾಸಿಟ್ಯೂಡ್’. ಕಾಯಿಲೆಯೋ ದುಡಿತವೋ ಮೈಯಲ್ಲಿ ಬಿಟ್ಟುಹೋದ ಸುಸ್ತು ಅದು.

ಸುಮ್ನೆ ಕೂರುವುದಕ್ಕೆ ಇಂಗ್ಲಿಷಿನಲ್ಲಿ ಇಂಥ ಪದಗಳು ಹಲವು. ಡಿಕ್ಷನರಿಗಳು ಎಲ್ಲದಕ್ಕೂ ಆಲಸ್ಯ, ಜಡತೆ ಅಂತ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಹಾಗಾಗಿ ನಾನು ಕೇಳಿಕೊಳ್ಳುವುದು ಒಂದೇ: ಈ ಮನುಷ್ಯ ಯಾಕೆ ಸುಮ್ನೆ ಕೂತಿದ್ದಾನೆ?

ಕರೆಂಟ್ ಹೋಗಿ ಅಡಿಕೆ ಸುಲಿಯುವ ಮೆಷಿನ್ ನಿಂತಿದೆ. ಕೆಲಸದವರು ಅಂಗಳದಲ್ಲಿ ಕವಳ ಹಾಕಿಕೊಂಡು ಕೂತಿದ್ದಾರೆ. ಮೆಷಿನ್ನೂ ಐಡಲ್, ಅವರೂ ಐಡಲ್. ಕರೆಂಟ್ ಬಂದ ಮೇಲೂ ಏಳದವನು ಲೇಜಿ. ನಮ್ಮ ಮಾತಲ್ಲಿ ಮೈಗಳ್ಳ.

ಹಬ್ಬದೂಟ ಮುಗಿಸಿ, ಯಾರು ಕರೆದರೂ ‘ಹೂಂ’ ಅಂದು ಅಲ್ಲೇ ಕೂರುತ್ತೇವಲ್ಲ, ಆ ಮಂಪರು ಲೆಥಾರ್ಜಿ. ಅದರ ಗ್ರೀಕ್ ಬೇರಿನಲ್ಲಿ ಮರೆವು ಅನ್ನುವ ಅರ್ಥವಿದೆ. ಕರೆದದ್ದೇ ಮರೆತುಹೋಗುತ್ತೆ, ಅಲ್ವಾ? ಆದರೆ ಜುಲೈ ಮಳೆಯಲ್ಲಿ, ಹಂಡೆಯ ಬಿಸಿನೀರಲ್ಲಿ ಮಿಂದು ಕಂಬಳಿ ಹೊದ್ದು ಬಿದ್ದುಕೊಂಡರೆ ಅದು ಲ್ಯಾಂಗರ್. ಇದರಲ್ಲಿ ಸುಖ ಇದೆ, ಎದ್ದೇಳು ಅಂದವರ ಮೇಲೆ ಸಿಟ್ಟು ಬರುತ್ತೆ.

‘ಲಿಸ್ಟ್‌ಲೆಸ್’ ಅಂದರೆ ಪಟ್ಟಿ ಇಲ್ಲದವನಾ ಸಾರ್ ಅಂತ ಒಬ್ಬಳು ಕೇಳಿದ್ದಳು. ಇಲ್ಲಿನ ‘ಲಿಸ್ಟ್’ಗೆ ಹಳೆಯ ಇಂಗ್ಲಿಷಿನಲ್ಲಿ ಆಸೆ ಅಂತ ಅರ್ಥ. ಇಷ್ಟದ ಕಡುಬನ್ನೇ ಮುಂದಿಟ್ಟರೂ ಬೇಡ ಅಂತ ಕಿಟಕಿ ನೋಡುತ್ತಾ ಕೂರುವವರು ಲಿಸ್ಟ್‌ಲೆಸ್. ಅವರನ್ನು ಬೈಯಬಾರದು, ಏನಾಯ್ತು ಅಂತ ಕೇಳಬೇಕು.

ಟಾರ್ಪರ್ ಸುಲಭ. ಲ್ಯಾಟಿನ್ ಬೇರಿನ ಅರ್ಥ ಮರಗಟ್ಟುವುದು. ಅಮೆರಿಕದ ಹಮ್ಮಿಂಗ್‌ಬರ್ಡ್‌ಗಳು ಚಳಿ ರಾತ್ರಿಯಲ್ಲಿ ಮೈಶಾಖ ಇಳಿಸಿಕೊಂಡು ಹಾಗೆ ಇರುತ್ತವೆ, ಶಕ್ತಿ ಉಳಿಸಲು.

ಇನರ್ಷಿಯಾ ಅಂದರೆ ಹೊರಗಿಂದ ಬಲ ಬೀಳುವ ತನಕ ಇದ್ದ ಹಾಗೇ ಇರುವ ಗುಣ. ಅದು ಮಾತ್ರ ಬರೀ ನಿಂತದ್ದರ ಮಾತಲ್ಲ. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸು ಈ ಕಡೆ ಹೊರಳಿದರೆ ನಾವು ಆ ಕಡೆ ವಾಲುತ್ತೇವೆ. ಮೈ ಮೊದಲಿನ ದಾರಿಯಲ್ಲೇ ಹೋಗಲು ನೋಡುತ್ತದೆ. ಅದೂ ಇನರ್ಷಿಯಾವೇ.

ಮೊನ್ನೆ ಒಬ್ಬ ಹೋಮ್‌ವರ್ಕ್ ಮಾಡದೆ ಬಂದ. ಯಾಕೋ ಅಂದರೆ ‘ಇನರ್ಷಿಯಾ ಸಾರ್’ ಅಂದ. ‘ಹಾಗಾದ್ರೆ ಹೊರಗಿಂದ ಬಲ ಕೊಡಬೇಕಾ?’ ಅಂದೆ. ಮೂಲೆಯಲ್ಲಿ ಕೂತು ಬರೆದು ಮುಗಿಸಿದ.