ಅಪಾರ್ಟ್‌ಮೆಂಟ್‌ನಲ್ಲಿ ಕರೆಂಟ್ ಕೈಕೊಟ್ಟಾಗ: ತೊಂದರೆ ಮನೆಯದೋ, ಕಟ್ಟಡದ್ದೋ?

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರಲಿ, ವಿದ್ಯಾನಗರದಲ್ಲಿರಲಿ, ಏಳೆಂಟು ಮಹಡಿಯ ಕಟ್ಟಡದಲ್ಲಿ ಕರೆಂಟ್ ಹೋದರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುವ ಮೊದಲು ಎದುರು ಮನೆಯವರನ್ನು ಕೇಳಿ. ಮೆಟ್ಟಿಲ ದೀಪ ನಂಬಬೇಡಿ, ಅದು ಜನರೇಟರ್ ಮೇಲೆ ಉರಿಯುತ್ತಿರಬಹುದು. ಕಟ್ಟಡಕ್ಕೆ ಮೂರು ಫೇಸ್ (ಕರೆಂಟ್ ತರುವ ಮೂರು ತಂತಿ) ಬರುತ್ತವೆ, ಮನೆಗಳನ್ನು ಅವುಗಳ ಮೇಲೆ ಹಂಚಿರುತ್ತಾರೆ. ಕೆಲವು ಮನೆ ಮಾತ್ರ ಕತ್ತಲಾಗಿದ್ದರೆ ಒಂದು ಫೇಸ್ ಹೋಗಿದೆ ಎಂದೇ ಮೊದಲ ಅನುಮಾನ. ಮೀಟರ್ ರೂಮಿನ ಫ್ಯೂಸ್ ಸರಿಯಿದ್ದರೆ ಹೆಸ್ಕಾಂನ 1912ಕ್ಕೆ ಕರೆ ಮಾಡಿ, ಬಿಲ್ಲಿನ ಆರ್‌.ಆರ್. ನಂಬರ್ ಕೈಯಲ್ಲಿರಲಿ.

ನಿಮ್ಮ ಮನೆ ಒಂದೇ ಕತ್ತಲೆಯೇ? ಹಾಗಿದ್ದರೆ ಮನೆಯ ಎಲ್ಲ ಲೈನ್ ಸೇರುವ ಡಿಬಿ ಬಾಕ್ಸ್ ತೆಗೆದು ಕೆಳಗೆ ಬಿದ್ದಿರುವುದು ಎಂಸಿಬಿಯೋ (ಲೋಡ್ ಹೆಚ್ಚಾದರೆ, ಶಾರ್ಟ್ ಆದರೆ ಆ ಲೈನ್ ಕಡಿಯುವ ಸ್ವಿಚ್) ಆರ್‌ಸಿಸಿಬಿಯೋ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ನೋಡಿ.

ಧಾರವಾಡದ ಕಡೆ ಜಿಟಿಜಿಟಿ ಮಳೆ ಹಿಡಿದಾಗ ಬೀಳುವುದು ಹೆಚ್ಚಾಗಿ ಆರ್‌ಸಿಸಿಬಿ. ಬಾಲ್ಕನಿಯ ಪ್ಲಗ್, ಹೊರಗೋಡೆಯ ಲೈಟ್ ಪಾಯಿಂಟ್ ತೇವ ಹಿಡಿದು ಕರೆಂಟ್ ಸೋರುತ್ತದೆ. 30 ಮಿಲಿಆಂಪಿಯರ್ ಆಗುವಷ್ಟರಲ್ಲಿ ಅದು ಬಿದ್ದೇ ಬೀಳಬೇಕು. ಎಲ್ಲ ಎಂಸಿಬಿ ಕೆಳಗಿಳಿಸಿ, ಆರ್‌ಸಿಸಿಬಿ ಏರಿಸಿ, ನಂತರ ಒಂದೊಂದೇ ಎಂಸಿಬಿ ಹಾಕುತ್ತ ಬನ್ನಿ. ಯಾವುದನ್ನು ಹಾಕಿದಾಗ ಬೀಳುತ್ತದೋ ಆ ಲೈನಿನಲ್ಲಿ ದೋಷವಿದೆ. ಗೀಸರ್ ಲೈನ್ ಆಗಿದ್ದರೆ ಕಾಯಿಲ್ ನೋಡಿಸಿ: ಬೋರ್‌ವೆಲ್ ಗಡಸು ನೀರಿನ ಪದರ ಕಟ್ಟಿ ಅದರ ಹೊರಕವಚ ಬಿರಿದಿರುತ್ತದೆ.

ಇಲ್ಲಿ ಅನೇಕರು ಎಡವುವುದುಂಟು. ಎಲ್ಲ ಎಂಸಿಬಿ ಇಳಿಸಿದರೂ ಆರ್‌ಸಿಸಿಬಿ ನಿಲ್ಲದಿದ್ದರೆ ಅದೇ ಕೆಟ್ಟಿದೆ ಎಂದು ಹೊಸದನ್ನು ತರುತ್ತಾರೆ. ಸಿಂಗಲ್ ಪೋಲ್ ಎಂಸಿಬಿ ಫೇಸ್ ಮಾತ್ರ ಕಡಿಯುತ್ತದೆ. ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಅರ್ಥ್‌ಗೆ ತಾಗಿದ್ದರೆ ಟ್ರಿಪ್ ನಿಲ್ಲುವುದಿಲ್ಲ. ಸ್ವಿಚ್ ಆಫ್ ಮಾಡಿದರೂ ಅಷ್ಟೇ, ಪ್ಲಗ್‌ಗಳನ್ನೇ ಕಿತ್ತು ನೋಡಬೇಕು. ಆಗಲೂ ಬಿದ್ದರೆ ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ ನ್ಯೂಟ್ರಲ್ ಬಾರ್‌ನಿಂದ ಒಂದೊಂದೇ ವೈರ್ ಬಿಚ್ಚಿ ಹುಡುಕಲಿ. ಆರ್‌ಸಿಸಿಬಿ ಬೈಪಾಸ್ ಮಾಡಿಕೊಡುತ್ತೇನೆ ಎನ್ನುವವನನ್ನು ಬಾಗಿಲಿನಿಂದಲೇ ಕಳಿಸಿ. ಮೂರು ತಿಂಗಳಿಗೊಮ್ಮೆ ಆರ್‌ಸಿಸಿಬಿಯ ‘ಟಿ’ (ಟೆಸ್ಟ್) ಬಟನ್ ಒತ್ತಿ, ಬೀಳದಿದ್ದರೆ ಬದಲಿಸಿ.

ಎಂಸಿಬಿ ಹಾಕಿದ ಕೂಡಲೇ ಬಿದ್ದರೆ ಶಾರ್ಟ್. ಹತ್ತು ನಿಮಿಷ ನಿಂತು ಬಿದ್ದರೆ ಲೋಡ್ ಹೆಚ್ಚು, ಇಲ್ಲವೇ ಸಡಿಲ ಸ್ಕ್ರೂ ಕಾದಿದೆ. 2000 ವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದೇ ಲೈನಿಗೆ ಎಸಿ ಸೇರಿದರೆ 16 ಆಂಪಿಯರ್ ಎಂಸಿಬಿಗೆ ಕಷ್ಟ. 2.5 ಚದರ ಮಿಮೀ ವೈರಿಗೆ 32ರ ಎಂಸಿಬಿ ಕೂರಿಸಿದರೆ ಎಂಸಿಬಿ ನಿಲ್ಲುತ್ತದೆ, ವೈರ್ ಸುಡುತ್ತದೆ. ಎಸಿಗೆ 4 ಚದರ ಮಿಮೀ ತಾಮ್ರದ ಪ್ರತ್ಯೇಕ ಲೈನ್, 20 ಆಂಪಿಯರ್ ಎಂಸಿಬಿ ಎಳೆಸಿ.

ಎಲ್ಲಕ್ಕಿಂತ ಅಪಾಯದ್ದು ಕಟ್ಟಡದ ನ್ಯೂಟ್ರಲ್ ಸಡಿಲಾಗುವುದು. ನಿಮ್ಮ ಬಲ್ಬ್ ಕಣ್ಣು ಕುಕ್ಕುವಂತೆ ಉರಿಯುತ್ತಿದ್ದು, ಪಕ್ಕದ ಮನೆಯದು ಮಂಕಾಗಿದ್ದರೆ ಯೋಚಿಸುತ್ತ ನಿಲ್ಲಬೇಡಿ, ಮೇನ್ ಸ್ವಿಚ್ ಆಫ್ ಮಾಡಿ. 230 ಇರಬೇಕಾದ ವೋಲ್ಟೇಜ್ 400ರ ಹತ್ತಿರಕ್ಕೂ ಏರಬಹುದು. ಫ್ರಿಜ್, ಟಿವಿ ಸುಟ್ಟುಹೋಗುತ್ತವೆ, ಸಾಮಾನ್ಯ ಎಂಸಿಬಿ ಇದನ್ನು ತಡೆಯುವುದಿಲ್ಲ. ಅಕ್ಕಪಕ್ಕದವರಿಗೂ ಹೇಳಿ. ದೋಷ ಹೆಚ್ಚಾಗಿ ಸಿಗುವುದು ಮೀಟರ್ ರೂಮಿನಲ್ಲಿ, ಅಲ್ಯೂಮಿನಿಯಂ ಕೇಬಲ್ ತಾಮ್ರದ ಬಸ್‌ಬಾರ್‌ಗೆ (ಕರೆಂಟ್ ಹಂಚುವ ಪಟ್ಟಿಗೆ) ಸೇರುವಲ್ಲಿ. ಎರಡು ಲೋಹ ಕೂಡುವ ಆ ಜಾಗಕ್ಕೆ ಬೈಮೆಟಾಲಿಕ್ ಲಗ್ (ಎರಡೂ ಲೋಹಕ್ಕೆ ಹೊಂದುವ ಜೋಡಣೆ ತುದಿ) ಬೇಕು. ಲೈಸೆನ್ಸ್ ಇರುವವರಿಂದ ಸಪ್ಲೈ ಬಂದ್ ಮಾಡಿಸಿ ವರ್ಷಕ್ಕೊಮ್ಮೆ ಬಿಗಿ ಮಾಡಿಸಿ.

ಮೇಲಿನ ಮಹಡಿಯಲ್ಲಿ ಸಂಜೆ ವೋಲ್ಟೇಜ್ ಇಳಿಯುತ್ತಿದ್ದರೆ ಒಂದೇ ಹೊತ್ತಿಗೆ ಮೀಟರ್ ರೂಮಿನಲ್ಲೂ ಮನೆಯಲ್ಲೂ ಅಳೆಸಿ. ಕೆಳಗೆ 228, ಮೇಲೆ 200 ಬಂದರೆ ಮೇಲೇರುವ ಕೇಬಲ್ ಸಣ್ಣದು ಅಥವಾ ಜಾಯಿಂಟ್ ಕೆಟ್ಟಿದೆ. ಎರಡೂ ಕಡೆ ಕಡಿಮೆಯಿದ್ದರೆ ತೊಂದರೆ ಹೊರಗಿನ ಸಪ್ಲೈಯದು.

ಜನರೇಟರ್ ಬಂದಾಗ ಮನೆಯೊಂದೇ ಆಫ್ ಆಗುತ್ತಿದ್ದರೆ ಗೀಸರ್, ಇಸ್ತ್ರಿ ಪೆಟ್ಟಿಗೆ ಬಂದ್ ಮಾಡಿ ಸ್ವಲ್ಪ ಕಾಯಿರಿ, ಜನರೇಟರ್ ಮೇಲಿನ ಲೋಡ್ ಮಿತಿ ಮೀರಿದ್ದಕ್ಕೆ ಲಿಮಿಟರ್ ಕಡಿದಿರುತ್ತದೆ.

ರಸ್ತೆಯ ಕೇಬಲ್ ರಿಪೇರಿಯಾದ ಮೇಲೆ ಲಿಫ್ಟ್ ನಿಂತು, ಪಂಪ್ ಓಡಿದರೂ ಟ್ಯಾಂಕಿಗೆ ನೀರು ಏರದಿದ್ದರೆ ಎರಡು ಫೇಸ್ ಅದಲುಬದಲಾಗಿ ಪಂಪ್ ಉಲ್ಟಾ ತಿರುಗುತ್ತಿದೆ. ಇದನ್ನು ಒಳಬರುವ ಸಪ್ಲೈನಲ್ಲೇ ಸರಿಪಡಿಸಬೇಕು. ಪಂಪ್ ಹತ್ತಿರ ಬದಲಿಸಿದರೆ ಹೆಸ್ಕಾಂ ಕರೆಂಟಿನಲ್ಲಿ ನೆಟ್ಟಗೆ ತಿರುಗಿ, ಜನರೇಟರ್ ಬಂದಾಗ ಉಲ್ಟಾ ತಿರುಗುತ್ತದೆ.