ಒಡೆದ ಟೈಲ್ಸ್ ಮೊಸಾಯಿಕ್: ಕೆಡುವುದು ಗ್ರೌಟ್ ತುಂಬುವಾಗ

ಸಮುದಾಯ ಸ್ಟುಡಿಯೊಗಳಲ್ಲಿ ಮಾಡಿದ ಮೊಸಾಯಿಕ್ ಫಲಕಗಳಲ್ಲಿ ಚಿತ್ರ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಮೇಲೆ ಮಾತ್ರ ಬಿಳಿ ಮಂಕು ಕವಿದಿರುತ್ತದೆ. ತುಂಡುಗಳ ನಡುವಿನ ಸಂದಿಗೆ ತುಂಬುವ ಸಿಮೆಂಟ್ ಮಿಶ್ರಣವೇ ಗ್ರೌಟ್. ಆ ಮಂಕು ಅದನ್ನು ತುಂಬಿದವರ ಅವಸರದ ಫಲ.

ಸಾಮಾನಿಗೆ ನಮ್ಮ ಕಡೆ ಬರವಿಲ್ಲ. ಮನೆ ರಿಪೇರಿ ನಡೆದಲ್ಲಿ ಟೈಲ್ಸ್ ಚೂರು, ಬಳೆ ಅಂಗಡಿಯಲ್ಲಿ ಒಡಕು ಬಳೆ, ಖಾನಾಪುರದ ಹಂಚಿನ ತುಂಡು, ಇಳಕಲ್ಲಿನ ಗುಲಾಬಿ ಗ್ರಾನೈಟ್ ಕೇಳಿದರೆ ಸಿಗುತ್ತವೆ. ಬಾದಾಮಿ, ಐಹೊಳೆಯ ಸ್ಮಾರಕಗಳ ಆವರಣದಿಂದ ಮಾತ್ರ ಒಂದು ಚೂರೂ ಎತ್ತಬೇಡಿ, ಅದು ಅಪರಾಧ. ಆರಿಸುವಾಗ ಬಣ್ಣಕ್ಕಿಂತ ಮೊದಲು ದಪ್ಪ ನೋಡಿ. ಗೋಡೆಯ ಟೈಲ್ಸ್ 6ರಿಂದ 8 ಮಿ.ಮೀ., ಗ್ರಾನೈಟ್ 18 ಮಿ.ಮೀ. ಇರುತ್ತದೆ. ಎರಡನ್ನೂ ಒಂದೇ ಫಲಕಕ್ಕೆ ಹಾಕಿದರೆ ಮೇಲ್ಮೈ ಸಮ ಬರುವುದಿಲ್ಲ. ಟೈಲ್ಸ್ ಹಿಂದೆ ಅಂಟಿದ ಹಳೆಯ ಸಿಮೆಂಟನ್ನು ಕೆರೆದು ತೆಗೆಯಲೇಬೇಕು.

2 ಅಡಿ ಚೌಕದ ಫಲಕಕ್ಕೆ 8 ಮಿ.ಮೀ. ಸಿಮೆಂಟ್ ಬೋರ್ಡ್, 2 ಕೆ.ಜಿ. ಬಿಳಿ ಟೈಲ್ಸ್ ಅಂಟು, ಒಂದೂಕಾಲು ಕೆ.ಜಿ. ಗ್ರೌಟ್ ಸಾಕು. ಪ್ಲೈವುಡ್ ಬೇಡ, ಬೆಳಗಾವಿಯ ಮಳೆಗಾಲದಲ್ಲಿ ಉಬ್ಬುತ್ತದೆ. ಮರಕ್ಕೆ ಹಾಕುವ ಬಿಳಿ ಅಂಟೂ ಬೇಡ, ನೀರು ತಾಗಿದರೆ ಮೆತ್ತಗಾಗಿ ಚೂರು ಕಳಚುತ್ತದೆ. ಬಳೆ ಚೂರಿನಡಿ ಬೂದು ಅಂಟು ಹಾಕಿದರೆ ಗಾಜಿನ ಬಣ್ಣ ಸಾಯುತ್ತದೆ. ಕನ್ನಡಿಗೆ ವಿನೆಗರ್ ವಾಸನೆಯ ಸಿಲಿಕೋನ್ ಅಂಟು ಹಾಕಿದರೆ ಹಿಂದಿನ ಲೇಪ ಕಪ್ಪಾಗುತ್ತದೆ. ‘ನ್ಯೂಟ್ರಲ್’ ಎಂದು ಬರೆದಿರುವುದನ್ನೇ ಕೊಳ್ಳಿ.

ಹೊಸಬರು ನವಿಲು, ಮುಖ ಇತ್ಯಾದಿಗೆ ಕೈ ಹಾಕಬಾರದು. ಕಸೂತಿಯ ಗೋಪುರ, ತೇರು ತೆಗೆದುಕೊಳ್ಳಿ. ನೇರ ಗೆರೆಯ ಆ ವಿನ್ಯಾಸಕ್ಕೆ ಚೌಕ ತುಂಡುಗಳು ತಾವಾಗಿ ಹೊಂದುತ್ತವೆ. ಟೈಲ್ಸನ್ನು ಗೋಣಿಚೀಲದೊಳಗಿಟ್ಟು ಒಡೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ಗ್ರಾನೈಟನ್ನು ಒಣಗಿದ್ದಾಗ ಗ್ರೈಂಡರ್‌ನಿಂದ ಕೊಯ್ಯುವುದು ಬೇಡವೇ ಬೇಡ, ಆ ದೂಳು ಪುಪ್ಪುಸಕ್ಕೆ ಅಪಾಯ. 3 ಮಿ.ಮೀ. ಅಂಟು ಹರಡಿ, 2–3 ಮಿ.ಮೀ. ಸಂದು ಬಿಟ್ಟು ತುಂಡು ಒತ್ತಿ, 24 ಗಂಟೆ ಮುಟ್ಟಬೇಡಿ. ಸಂದಿನಲ್ಲಿ ಉಕ್ಕಿದ ಅಂಟನ್ನು ಹಸಿ ಇರುವಾಗಲೇ ಕಡ್ಡಿಯಿಂದ ತೆಗೆಯಿರಿ. ಇಲ್ಲದಿದ್ದರೆ ಗ್ರೌಟಿಗೆ ಜಾಗವೇ ಇರುವುದಿಲ್ಲ.

ಇನ್ನು ಗ್ರೌಟ್. ಹಂಚು, ಮರಳುಗಲ್ಲಿನಂಥ ನೀರು ಹೀರುವ ತುಂಡುಗಳಿಗೆ ಮೊದಲೇ ಸೀಲರ್ (ನೀರು ಒಳಗಿಳಿಯದಂತೆ ತಡೆಯುವ ದ್ರವ) ಬಳಿದು ಒಣಗಿಸಿ. ಬಳಿಯದಿದ್ದರೆ ಗ್ರೌಟಿನ ಬಣ್ಣ ಒಳಗಿಳಿದು ಕಲೆ ಉಳಿಯುತ್ತದೆ. ಗೌಂಡಿಗಳು ಬರೀ ಬಿಳಿ ಸಿಮೆಂಟ್ ಸಾಕು ಎನ್ನುತ್ತಾರೆ. 2 ಮಿ.ಮೀ. ಸಂದಿಗೆ ಅದು ನಡೆದೀತು, 4–5 ಮಿ.ಮೀ.ಗೆ ಹಾಕಿದರೆ ಒಣಗುತ್ತ ಕುಗ್ಗಿ ಬಿರುಕು ಬಿಡುತ್ತದೆ. ಅಲ್ಲಿ ಮರಳು ಬೆರೆತ ಗ್ರೌಟೇ ಬೇಕು. ಬಣ್ಣಕ್ಕೆ ಕೆಂಪು ಅಥವಾ ಕಪ್ಪು ಆಕ್ಸೈಡ್ ಸೇರಿಸುವುದಾದರೆ ಸಿಮೆಂಟಿನ ತೂಕದ ನೂರಕ್ಕೆ 5 ಭಾಗ ದಾಟಬೇಡಿ.

ಕೆ.ಜಿ.ಗೆ ಕಾಲು ಲೀಟರ್ ನೀರಿನಿಂದ ಶುರು ಮಾಡಿ, ಗಟ್ಟಿ ಝುಣಕದ ಹದಕ್ಕೆ ತನ್ನಿ. ಹತ್ತು ನಿಮಿಷ ಬಿಟ್ಟು ಮತ್ತೆ ಕಲೆಸಿ. ಈಗ ಬಿಗಿಯೆನಿಸಿದರೂ ನೀರು ಹಾಕಬೇಡಿ. ಮೇಲೆ ಹಾಕಿದ ಪ್ರತಿ ಚಮಚ ನೀರೂ ಒಣಗಿದ ಮೇಲೆ ಸಂದನ್ನು ಪುಡಿಪುಡಿ ಮಾಡುತ್ತದೆ. ರಬ್ಬರ್ ಕರಣೆ ಇಲ್ಲವೆಂದರೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ಬಳಸಿ. ಸಂದಿಗೆ ಓರೆಯಾಗಿ ಒತ್ತುತ್ತ ಎಳೆಯಿರಿ. ಸಂದಿನ ಗುಂಟ ಎಳೆದರೆ ತುಂಬಿದ್ದು ಕಿತ್ತು ಬರುತ್ತದೆ.

ಆಮೇಲೆ ಕಾಯುವ ಕೆಲಸ. ಪೊಟ್ಟಣದ ಮೇಲೆ 15–20 ನಿಮಿಷ ಎಂದಿರುತ್ತದೆ, ಏಪ್ರಿಲ್‌ನ ವಿಜಯಪುರದಲ್ಲಿ ಅದರ ಅರ್ಧದಲ್ಲೇ ಬಿಗಿಯುತ್ತದೆ. ಆದ್ದರಿಂದ ಗಡಿಯಾರ ನೋಡಬೇಡಿ. ಬೆರಳಿಟ್ಟರೆ ಗುರುತು ಬೀಳಬೇಕು, ಗ್ರೌಟ್ ಬೆರಳಿಗೆ ಹತ್ತಬಾರದು. ಆಗ ಸ್ಪಂಜನ್ನು ಹನಿ ಉದುರದಷ್ಟು ಹಿಂಡಿ, ಒಂದು ಎಳೆತಕ್ಕೆ ಒಂದು ಮಗ್ಗುಲು ಬಳಸಿ, ಮಗುಚಿ, ತೊಳೆದು ಮುಂದುವರಿಯಿರಿ. ಒದ್ದೆ ಸ್ಪಂಜಿನಿಂದ ಹಿಂದೆ ಮುಂದೆ ಉಜ್ಜುವುದರಿಂದಲೇ ಆ ಬಿಳಿ ಮಂಕು ಕವಿಯುವುದು, ಸಂದಿನ ಬಣ್ಣವೂ ತೇಪೆತೇಪೆಯಾಗುವುದು. ಕೊನೆಗೆ ಉಳಿದ ತೆಳು ಪೊರೆಯನ್ನು ಎರಡು ಗಂಟೆ ಬಿಟ್ಟು ಒಣ ಹತ್ತಿ ಬಟ್ಟೆಯಿಂದ ತಿಕ್ಕಿ.

ಮಂಕು ಹೋಗಲಿಲ್ಲವೆಂದು ಬಾತ್‌ರೂಮ್ ಆ್ಯಸಿಡ್ ಸುರಿಯುವವರಿದ್ದಾರೆ. ಅದು ಗ್ರೌಟನ್ನೂ ತಿನ್ನುತ್ತದೆ, ಶಹಾಬಾದ್ ಫರಸಿಯಂಥ ಸುಣ್ಣಕಲ್ಲನ್ನೂ ನೊರೆ ಬರಿಸಿ ಕೊರೆಯುತ್ತದೆ.

ಬೇಸಿಗೆಯಲ್ಲಿ ಮೂರು ದಿನ ಒದ್ದೆ ಗೋಣಿ ಹೊದಿಸಿಡಿ. ಸ್ಪಂಜು ತೊಳೆದ ನೀರನ್ನು ಸಿಂಕಿಗೆ ಚೆಲ್ಲಬೇಡಿ, ಪೈಪಿನಲ್ಲೇ ಗಟ್ಟಿಯಾಗಿ ಇಡೀ ಸ್ಟುಡಿಯೊದ ನೀರು ನಿಲ್ಲುತ್ತದೆ. ರಾತ್ರಿಯಿಡೀ ಬಕೆಟ್‌ನಲ್ಲಿ ಬಿಟ್ಟು, ತಿಳಿನೀರನ್ನು ಮುಂದಿನ ಸಲ ಸ್ಪಂಜು ತೊಳೆಯಲು ಇಟ್ಟುಕೊಂಡು, ಗಸಿಯನ್ನು ಒಣಗಿಸಿ ಕಸಕ್ಕೆ ಹಾಕಿ. ಫಲಕ 14 ಕೆ.ಜಿ.ಯಷ್ಟು ತೂಗುತ್ತದೆ, ಒಂದು ಮೊಳೆಗೆ ನೇತುಹಾಕದೆ, ಗೋಡೆಯ ತೂತಿಗೆ ರಾವಲ್ ಪ್ಲಗ್ (ಸ್ಕ್ರೂ ಹಿಡಿದಿಡುವ ಪ್ಲಾಸ್ಟಿಕ್ ಬೆಣೆ) ಹಾಕಿ ಎರಡು ಸ್ಕ್ರೂ ಬಿಗಿಯಿರಿ.